ವಿಡಿಯೊ ತೋರಿಸಿ ‘ಹೇಗಿದೆ?’ ಅಂತ ಕೇಳಬೇಡಿ

ಎಡಿಟಿಂಗ್ ರೂಮಿನಲ್ಲಿ ಆರು ಜನ ಕೂತಿದ್ದರು. 3 ನಿಮಿಷ 40 ಸೆಕೆಂಡಿನ ಹಾಡು ಮುಗಿಯಿತು. ವಿಡಿಯೊ ಮಾಡಿದ ತಂಡದವರು ಲೈಟ್ ಹಾಕಿ ಆಸೆಯಿಂದ ಕೇಳಿದರು: ‘ಹೇಗಿದೆ?’

‘ಸೂಪರ್’ ಅಂದರು ಇಬ್ಬರು. ‘ಕ್ಯಾಮೆರಾ ಸಖತ್ತಾಗಿದೆ’ ಅಂದರು ಇನ್ನಿಬ್ಬರು. ಒಬ್ಬಳು ‘ಕೊನೇಲಿ ಸ್ವಲ್ಪ ಎಳೆದ ಹಾಗಿದೆ’ ಅಂದಳು. ಮತ್ತೊಬ್ಬ ಸುಮ್ನೆ ತಲೆಯಾಡಿಸಿದ. ತಂಡದವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಆರರಲ್ಲಿ ಐವರಿಗೆ ಇಷ್ಟ.

ನಾನು ವೃತ್ತಿಯಿಂದ ಎಡಿಟರ್. ಕಾಲೇಜು ಮಕ್ಕಳ ಪ್ರಾಜೆಕ್ಟ್‌ಗಳಿಗೆ ಸಲಹೆ ಕೊಡಲು ಆಗಾಗ ಹೋಗುತ್ತೇನೆ. ಅವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದೆ. ತಲೆಯಾಡಿಸಿದ ಹುಡುಗನನ್ನು ಕೇಳಿದೆ: ‘ಇದರ ಕಥೆ ಏನು, ನಿನ್ನ ಮಾತಲ್ಲಿ ಹೇಳಪ್ಪ.’

‘ಲವ್ ಫೇಲ್ಯೂರ್ ಅಲ್ವಾ ಸರ್? ಹುಡುಗಿ ಊರು ಬಿಟ್ಟು ಹೋಗ್ತಾಳೆ. ಹುಡುಗ ಬಸ್ ಸ್ಟ್ಯಾಂಡಲ್ಲೇ ನಿಂತಿರ್ತಾನೆ.’

ಹಾಡು ಬರೆದ ಹುಡುಗಿಯ ಮುಖ ಸಪ್ಪಗಾಯಿತು. ಅವಳು ಅದನ್ನು ಬರೆದದ್ದು ತನ್ನ ಅಣ್ಣನ ಮೇಲೆ. ಮೊದಲ ಸಲ ಹಾಸ್ಟೆಲಿಗೆ ಹೊರಟ ತಂಗಿಯನ್ನು ಬೆಳಗಿನ ಮೊದಲ ಬಸ್ಸಿಗೆ ಬಿಡಲು ಬಂದ ಅಣ್ಣ, ಅಷ್ಟೇ ಕಥೆ. ಉಳಿದವರನ್ನೂ ಕೇಳಿದೆವು. ಆರರಲ್ಲಿ ಐವರು ಪ್ರೇಮಿಗಳು ಅಂದುಕೊಂಡಿದ್ದರು. ಒಬ್ಬಳು ಮಾತ್ರ ‘ಅಣ್ಣ-ತಂಗಿ ಇರಬಹುದೇನೋ, ಗೊತ್ತಾಗಲಿಲ್ಲ’ ಅಂದಳು.

ಅದೇ ಆರು ಜನ, ಅದೇ ವಿಡಿಯೊ. ಒಂದು ಪ್ರಶ್ನೆಗೆ ಸಿಕ್ಕಿದ್ದು ಹೊಗಳಿಕೆ, ಇನ್ನೊಂದು ಪ್ರಶ್ನೆಗೆ ಸಿಕ್ಕಿದ್ದು ಸತ್ಯ. ನೋಡುಗರನ್ನು ಹೇಗೆ ಕೇಳಬೇಕು, ಅವರು ಹೇಳಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನುವುದು ಕ್ಯಾಮೆರಾ ಹಿಡಿಯುವಷ್ಟೇ ಕಲಿಯಬೇಕಾದ ಕೆಲಸ. ನನ್ನ ಅನುಭವದಲ್ಲಿ ಇದರ ತಿರುಳು ಇಷ್ಟು: ‘ಇಲ್ಲಿ ಏನೋ ಸರಿಯಿಲ್ಲ’ ಅಂತ ನೋಡುಗರು ಹೇಳಿದರೆ ಹೆಚ್ಚಿನ ಸಲ ಅದು ನಿಜ. ‘ಹೀಗೆ ಸರಿ ಮಾಡಿ’ ಅಂತ ಹೇಳಿದರೆ ಹೆಚ್ಚಿನ ಸಲ ಅದು ತಪ್ಪು. ಸಾರು ರುಚಿ ನೋಡಿದವರು ‘ಉಪ್ಪು ಕಮ್ಮಿ’ ಅನ್ನುತ್ತಾರೆ. ಮಾಡಿದವರು ತಾವೂ ಒಂದು ಹನಿ ಅಂಗೈಗೆ ಹಾಕಿಕೊಂಡು ನೋಡಿ, ಹುಣಸೆಹುಳಿ ಹಿಂಡುತ್ತಾರೆ.

ಬ್ರಿಟನ್ನಿನಲ್ಲಿ ಎ-ಲೆವೆಲ್ ಹಂತದಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಹಂತದಲ್ಲಿ, ಮೀಡಿಯಾ ಸ್ಟಡೀಸ್ ಅನ್ನುವ ವಿಷಯವಿದೆ. ಅಲ್ಲಿನ ಓಸಿಆರ್ ಪರೀಕ್ಷಾ ಮಂಡಳಿಯ ಹಿಂದಿನ ಪಠ್ಯಕ್ರಮದಲ್ಲಿ ಮ್ಯೂಸಿಕ್ ವಿಡಿಯೊ ಆರಿಸಿಕೊಂಡ ವಿದ್ಯಾರ್ಥಿಗಳು ಅದರ ಜೊತೆಗೆ ಸಿ.ಡಿ.ಗೆ ಡಿಜಿಪ್ಯಾಕ್ ಕವರು, ಪತ್ರಿಕೆಗೆ ಒಂದು ಜಾಹೀರಾತು ಮಾಡಬೇಕಿತ್ತು. ಡಿಜಿಪ್ಯಾಕ್ ಅಂದರೆ ಪುಸ್ತಕದ ಹಾಗೆ ಮಡಚುವ ರಟ್ಟಿನ ಕವರು. ಕೊನೆಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು. ಅದರಲ್ಲಿ ಮೂರನೆಯದು: ನಿಮ್ಮ ಪ್ರೇಕ್ಷಕರ ಪ್ರತಿಕ್ರಿಯೆಯಿಂದ ನೀವು ಏನು ಕಲಿತಿರಿ? ಎಷ್ಟು ಜನ ಮೆಚ್ಚಿದರು ಅಂತ ಕೇಳಿಲ್ಲ ನೋಡಿ. ನಮ್ಮ ಕಾಲೇಜುಗಳಲ್ಲಿ ಡಿಜಿಪ್ಯಾಕ್ ಬದಲು ಪೋಸ್ಟರ್, ಯೂಟ್ಯೂಬ್ ಥಂಬ್‌ನೇಲ್, 30 ಸೆಕೆಂಡಿನ ರೀಲ್ ಮಾಡುತ್ತಾರೆ. ಆದರೆ ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಅರ್ಥವಾಗದ್ದು ಬೇರೆ, ಒಪ್ಪದ್ದು ಬೇರೆ

ಅಣ್ಣ-ತಂಗಿ ಪ್ರೇಮಿಗಳಾಗಿ ಕಂಡದ್ದು ಯಾಕೆ? ನಟನೆಯಲ್ಲಿ ತಪ್ಪಿರಲಿಲ್ಲ. ಆದರೆ ಹಾಡಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಒಂದೇ ಫ್ರೇಮಿನಲ್ಲಿ ನಿಂತರೆ ಅದು ಪ್ರೇಮ ಅಂತ ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ನೂರಾರು ಹಾಡು ನೋಡಿ ಬಂದ ಅಭ್ಯಾಸ ಅದು. ನಮ್ಮ ವಿಡಿಯೊ ಆ ಅಭ್ಯಾಸದ ಎದುರು ಈಜಬೇಕು. ಮಾಡಿದವರಿಗೆ ಇದು ಕಾಣುವುದಿಲ್ಲ. ಅವರಿಗೆ ಕಥೆ ಮೊದಲೇ ಗೊತ್ತಲ್ಲ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ನೋಡಲು ಯಾರಿಂದಲೂ ಆಗುವುದಿಲ್ಲ.

ಈ ವಿಷಯದ ಬಗ್ಗೆ ಜಮೈಕಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಕೆಲಸ ಮಾಡಿದ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲೇ ಬರೆದಿದ್ದಾರೆ. ಮಾಡುವವರು ಒಂದು ಅರ್ಥವನ್ನು ಗಂಟು ಕಟ್ಟಿ ಕಳಿಸುತ್ತಾರೆ, ನೋಡುವವರು ತಮ್ಮ ಬದುಕಿನ ಅನುಭವದಿಂದ ಅದನ್ನು ಬಿಚ್ಚುತ್ತಾರೆ, ಎರಡೂ ಒಂದೇ ಆಗಬೇಕೆಂದಿಲ್ಲ. ಬಿಚ್ಚುವುದರಲ್ಲಿ ಅವರು ಮೂರು ಬಗೆ ಗುರುತಿಸಿದರು. ಕಳಿಸಿದ ಅರ್ಥವನ್ನೇ ತೆಗೆದುಕೊಳ್ಳುವುದು ಒಂದು. ಸ್ವಲ್ಪ ಒಪ್ಪಿ, ಸ್ವಲ್ಪ ತಮ್ಮದನ್ನು ಸೇರಿಸಿಕೊಳ್ಳುವುದು ಇನ್ನೊಂದು. ಅರ್ಥ ಪೂರ್ತಿ ಗೊತ್ತಾಗಿಯೂ ಅದರ ವಿರುದ್ಧ ನಿಲ್ಲುವುದು ಮೂರನೆಯದು.

ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ ಅನ್ನುವುದು ನನಗೆ ಬೇಸರದ ವಿಷಯ. ನಿಜವಾಗಿ ಇದು ಎಡಿಟಿಂಗ್ ಟೇಬಲ್ ಮೇಲೆ ಕೆಲಸಕ್ಕೆ ಬರುವ ಮಾತು. ನಮ್ಮ ತಂಡ ವಿಡಿಯೊವನ್ನು ಎರಡನೇ ಸಲ ತೋರಿಸಿದಾಗ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಹೇಳಿದರು: ‘ಅಣ್ಣ-ತಂಗಿ ಅಂತ ಗೊತ್ತಾಯ್ತು ಕಣಮ್ಮ. ಆದ್ರೆ ಓದೋಕೆ ಹೋಗೋ ಹುಡುಗೀನ ಯಾಕೆ ಅಳಿಸ್ತೀರಾ? ಅವಳಿಗೆ ಖುಷಿನೂ ಇರುತ್ತೆ ಅಲ್ವಾ?’ ಇದು ಅರ್ಥವಾಗದವರ ಮಾತಲ್ಲ. ಪೂರ್ತಿ ಅರ್ಥವಾಗಿ, ಒಪ್ಪದವರ ಮಾತು. ಮೊದಲನೆಯ ಬಗೆಯ ತೊಂದರೆಗೆ, ಅಂದರೆ ಅರ್ಥವೇ ಆಗದಿದ್ದರೆ, ಶಾಟ್ ಬದಲಿಸಬೇಕು. ಎರಡನೆಯದಕ್ಕೆ ತಂಡ ಕೂತು ಯೋಚಿಸಬೇಕು: ನಾವು ಹೇಳಲು ಹೊರಟದ್ದು ಸರಿಯಾ? ಹಾಡು ಬರೆದ ಹುಡುಗಿ ಒಂದು ದಿನ ಯೋಚಿಸಿದಳು. ಬಸ್ಸು ತಿರುವು ದಾಟಿದ ಮೇಲೆ ತಂಗಿ ಕಿಟಕಿಯ ಗಾಳಿಗೆ ಮುಖವೊಡ್ಡಿ ಸಣ್ಣಗೆ ನಗುವ ಒಂದು ಟೇಕ್ ಬೇಡ ಅಂತ ಬದಿಗಿಟ್ಟಿದ್ದರು. ಅದು ವಾಪಸ್ ಬಂತು. ಇಡೀ ವಿಡಿಯೊದಲ್ಲಿ ನನಗೆ ಜಾಸ್ತಿ ಇಷ್ಟವಾದ ಎರಡು ಸೆಕೆಂಡು ಅದು.

ಬಟನ್ ಎಲ್ಲಿ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ

1930ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್, ಫ್ರಾಂಕ್ ಸ್ಟಾಂಟನ್ ಎಂಬ ಇಬ್ಬರು ಸಂಶೋಧಕರು ಸೇರಿ ಒಂದು ಯಂತ್ರ ಮಾಡಿದರು. ರೇಡಿಯೊ ಕಾರ್ಯಕ್ರಮ ಕೇಳುವವರ ಕೈಗೆ ಎರಡು ಬಟನ್ ಕೊಡುತ್ತಿದ್ದರು. ಇಷ್ಟವಾದರೆ ಹಸಿರು ಒತ್ತಬೇಕು, ಬೇಜಾರಾದರೆ ಕೆಂಪು. ಯಾವುದನ್ನೂ ಒತ್ತದಿದ್ದರೆ ಏನೂ ಅನಿಸಲಿಲ್ಲ ಅಂತ ಲೆಕ್ಕ. ಯಾವ ಕ್ಷಣದಲ್ಲಿ ಏನಾಯಿತು ಅನ್ನುವುದು ಕಾಗದದ ಮೇಲೆ ಗೆರೆಯಾಗಿ ದಾಖಲಾಗುತ್ತಿತ್ತು.

1941ರ ನವೆಂಬರಿನಲ್ಲಿ ಒಂದು ಸಂಜೆ ಲಾಜರ್ಸ್‌ಫೆಲ್ಡ್ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರನ್ನು ಊಟಕ್ಕೆ ಕರೆದಿದ್ದರು. ಊಟ ಹಾಗೇ ಬಿಟ್ಟು, ಈ ಪರೀಕ್ಷೆ ನಡೆಯುತ್ತಿದ್ದ ಸ್ಟುಡಿಯೊಗೆ ಅವರನ್ನು ಕರೆದುಕೊಂಡು ಹೋದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಕೇಳುಗರನ್ನು ಮಾತಾಡಿಸುತ್ತಿದ್ದರು. ಪ್ರಶ್ನೆ ಕೇಳುವ ರೀತಿಯಲ್ಲೇ ಅವರು ಉತ್ತರವನ್ನೂ ಬಾಯಿಗಿಡುತ್ತಿದ್ದಾರೆ ಅಂತ ಮರ್ಟನ್‌ಗೆ ಅನಿಸಿತು. ಮುಂದೆ ಅವರು ರೂಪಿಸಿದ ಸಂದರ್ಶನದ ವಿಧಾನವೇ ಇವತ್ತಿನ ಫೋಕಸ್ ಗ್ರೂಪ್‌ನ, ಅಂದರೆ ಕೆಲವರನ್ನು ಒಟ್ಟಿಗೆ ಕೂರಿಸಿ ಅಭಿಪ್ರಾಯ ಕೇಳುವ ಕ್ರಮದ, ಬೇರು. ಎಲ್ಲಿ ಬೇಜಾರಾಯಿತು ಅನ್ನುವುದನ್ನು ಬಟನ್ ಹೇಳುತ್ತದೆ. ಯಾಕೆ ಅನ್ನುವುದಕ್ಕೆ ಕೂತು ಮಾತಾಡಬೇಕು, ಅದೂ ಬಾಯಿ ಬಿಗಿಹಿಡಿದು.

ಆ ಯಂತ್ರವನ್ನು ನಾವು ಒಂದು ಹಾಳೆಯಲ್ಲಿ ಮಾಡಿಕೊಳ್ಳಬಹುದು. ವಿಡಿಯೊದ ಮೂಲೆಯಲ್ಲಿ ಟೈಮ್‌ಕೋಡ್, ಅಂದರೆ ಎಷ್ಟನೇ ಸೆಕೆಂಡು ಅನ್ನುವ ಅಂಕಿ, ಕಾಣುವ ಹಾಗೆ ಎಕ್ಸ್‌ಪೋರ್ಟ್ ಮಾಡಿ. ಮೊದಲ ಸಲ ಸುಮ್ನೆ ನೋಡಲಿ, ಕೈಗೆ ಏನೂ ಕೊಡಬೇಡಿ. ಮುಗಿದ ತಕ್ಷಣ ಕಥೆ ಹೇಳಿಸಿ. ಎರಡನೇ ಸಲ ಹಾಳೆ ಕೊಟ್ಟು, ಹಿಡಿಸಿದ ಕಡೆ ಸಮಯ ಬರೆದು ಟಿಕ್, ಗಮನ ತಪ್ಪಿದ ಕಡೆ ಸಮಯ ಬರೆದು ಅಡ್ಡಗೆರೆ ಹಾಕಲು ಹೇಳಿ. ಅಷ್ಟೂ ಹೊತ್ತು ನೀವು ಪರದೆ ನೋಡಬೇಡಿ, ನೋಡುವವರನ್ನು ನೋಡಿ. ಯಾವಾಗ ಕೈ ಫೋನ್ ಕಡೆ ಹೋಯಿತು, ಯಾವಾಗ ಕಾಲು ತಾಳ ಹಾಕಿತು, ಯಾರು ಪಕ್ಕದವರ ಮುಖ ನೋಡಿದರು. ಬಾಯಿ ಮರ್ಯಾದೆಗೆ ಸುಳ್ಳು ಹೇಳಬಹುದು, ಕೈಕಾಲು ಅಷ್ಟು ಬೇಗ ಹೇಳುವುದಿಲ್ಲ.

ಪ್ರಶ್ನೆಗಳ ವಿಷಯಕ್ಕೆ ಬಂದರೆ, ‘ಬಸ್ ಹೋಗೋ ಶಾಟ್ ಎಮೋಷನಲ್ ಆಗಿದೆ ಅಲ್ವಾ?’ ಅಂತ ಕೇಳಿದರೆ ಇಲ್ಲ ಅನ್ನುವಷ್ಟು ಗಟ್ಟಿ ಮನಸ್ಸು ಯಾರಿಗಿದೆ? ‘ಬಸ್ ಹೋಗುವಾಗ ನಿಮಗೆ ಏನನಿಸ್ತು?’ ಅಂತ ಕೇಳಿ. ಆಮೇಲೆ ಸುಮ್ಮನಿರಿ. ಆ ಮೌನ ಕಷ್ಟ. ನಿಮ್ಮ ಸಿನಿಮಾಟೋಗ್ರಾಫರ್ ‘ಅದು ಏನಂದ್ರೆ, ನಾವು ಅಲ್ಲಿ...’ ಅಂತ ವಿವರಿಸಲು ಶುರು ಮಾಡುತ್ತಾರೆ. ತಡೆಯಿರಿ. ವಿಡಿಯೊ ಯೂಟ್ಯೂಬಿಗೆ ಹೋದ ಮೇಲೆ ಪ್ರತಿಯೊಬ್ಬರ ಪಕ್ಕದಲ್ಲಿ ಕೂತು ವಿವರಿಸಲು ಆಗುತ್ತದಾ?

ಯಾರನ್ನು ಕೇಳಬೇಕು ಅನ್ನುವುದೂ ಅಷ್ಟೇ ಮುಖ್ಯ. ಹೆತ್ತವರಿಗೆ ಹೆಗ್ಗಣ ಮುದ್ದು, ಹೆತ್ತವರ ಗೆಳೆಯರಿಗೂ ಮುದ್ದೇ. ಅದೇ ಕ್ಲಾಸಿನವರು ಶೂಟಿಂಗ್‌ ದಿನದ ಮಳೆ, ಬೈಕ್ ಕೆಟ್ಟದ್ದು, ಎಲ್ಲ ಗೊತ್ತಿದ್ದು ನೋಡುತ್ತಾರೆ. ಬೇರೆ ವಿಭಾಗದವರನ್ನು ಕರೆಯಿರಿ. ಹಾಡು ಹಾಸ್ಟೆಲ್ ಹುಡುಗಿಯರಿಗೆ ಅಂತಾದರೆ ಹಾಸ್ಟೆಲ್ ಹುಡುಗಿಯರನ್ನು ಕೇಳಿ, ಜೊತೆಗೆ ಅವರನ್ನು ಬಸ್ಸು ಹತ್ತಿಸಿದ ಒಬ್ಬ ತಂದೆಯನ್ನೋ ತಾಯಿಯನ್ನೋ ಕೇಳಿ. ಒಂದು ಸುತ್ತಿಗೆ ಆರೇಳು ಜನ ಸಾಕು. ಆದರೆ ಪ್ರತಿ ಸುತ್ತಿಗೂ ಹೊಸಬರು ಬೇಕು. ಒಮ್ಮೆ ಕಥೆ ಗೊತ್ತಾದವರು ಮತ್ತೆ ಹೊಸ ಕಣ್ಣಿನಿಂದ ನೋಡಲಾರರು. ಹಾಗಾಗಿ ಎಲ್ಲರಿಗೂ ಒಂದೇ ದಿನ ತೋರಿಸಿ ಖರ್ಚು ಮಾಡಿಬಿಡಬೇಡಿ.

ರಬ್ಬರ್ ಅಗ್ಗ, ಬಸ್ ಟಿಕೆಟ್ ದುಬಾರಿ

ಹೆಚ್ಚಿನ ತಂಡಗಳು ಎಡಿಟ್ ಮುಗಿದ ಮೇಲೆ ಕೇಳುತ್ತವೆ. ಆಗ ಏನೇ ಗೊತ್ತಾದರೂ ಮಾಡಲು ಸಮಯವಿರುವುದಿಲ್ಲ. ಶೂಟಿಂಗ್‌ಗೂ ಮೊದಲೇ ಕೇಳಲು ಶುರು ಮಾಡಬೇಕು. ಸಾಹಿತ್ಯವನ್ನು ಮಾತ್ರ ಹಾಳೆಯಲ್ಲಿ ಕೊಟ್ಟು, ‘ಓದುವಾಗ ಕಣ್ಣ ಮುಂದೆ ಏನು ಬಂತು?’ ಅಂತ ಕೇಳಿ. ಮಾಧ್ಯಮ ವಿದ್ವಾಂಸ ಆಂಡ್ರ್ಯೂ ಗುಡ್‌ವಿನ್ 1992ರಲ್ಲಿ ಮ್ಯೂಸಿಕ್ ವಿಡಿಯೊಗಳ ಬಗ್ಗೆ ಬರೆಯುತ್ತಾ, ಚಿತ್ರ ಮಾತಿನ ಜೊತೆ ಮೂರು ರೀತಿ ನಡೆಯಬಹುದು ಅಂದರು: ಮಾತನ್ನು ಹಾಗೇ ತೋರಿಸಬಹುದು, ಮಾತಿಗೆ ಹೊಸದೇನನ್ನೋ ಕೂಡಿಸಬಹುದು, ಮಾತಿಗೆ ಎದುರಾಗಿ ನಿಲ್ಲಬಹುದು. ಓದಿದ ಎಲ್ಲರ ಕಣ್ಣ ಮುಂದೂ ನೀವು ಅಂದುಕೊಂಡದ್ದೇ ಬಂದರೆ, ನೀವು ಮೊದಲನೆಯದನ್ನೇ ಮಾಡುತ್ತಿದ್ದೀರಿ. ಅದು ತಪ್ಪಲ್ಲ, ಆದರೆ ಗೊತ್ತಿದ್ದು ಮಾಡಿ.

ಆಮೇಲೆ ಸ್ಟೋರಿಬೋರ್ಡ್ ಚಿತ್ರಗಳನ್ನು ಫೋನಿನಲ್ಲಿ ತೆಗೆದು ಹಾಡಿನ ಮೇಲೆ ಜೋಡಿಸಿ. ಇದಕ್ಕೆ ಆ್ಯನಿಮ್ಯಾಟಿಕ್ ಅನ್ನುತ್ತಾರೆ. ಕಡ್ಡಿ ಗೊಂಬೆಗಳಾದರೂ ಸಾಕು. ಈ ಹಂತದಲ್ಲಿ ತೋರಿಸಿದ್ದರೆ ಅಣ್ಣ-ತಂಗಿ ಗೊಂದಲ ಒಂದು ರಬ್ಬರಿನಲ್ಲಿ ಸರಿಹೋಗುತ್ತಿತ್ತು. ತಡವಾದ್ದರಿಂದ ತಂಡ ಮತ್ತೆ ಊರಿಗೆ ಹೋಗಬೇಕಾಯಿತು.

ರಫ್ ಕಟ್, ಅಂದರೆ ಮೊದಲ ಕಚ್ಚಾ ಎಡಿಟ್, ತೋರಿಸುವಾಗ ಮೊದಲೇ ಹೇಳಿಬಿಡಿ, ‘ಕಲರ್ ಇನ್ನೂ ಮಾಡಿಲ್ಲ, ಕಥೆ ಬಗ್ಗೆ ಮಾತ್ರ ಹೇಳಿ.’ ಇಲ್ಲದಿದ್ದರೆ ಎಲ್ಲರೂ ಮಬ್ಬು ಬಣ್ಣದ ಬಗ್ಗೆಯೇ ಮಾತಾಡುತ್ತಾರೆ.

‘ಡಬ್ಬಿಂಗ್ ಥರ ಇದೆ’

ನೋಡುಗರು ಲಕ್ಷಣ ಹೇಳುತ್ತಾರೆ, ಕಾರಣ ಹೇಳುವುದಿಲ್ಲ ಅನ್ನುವುದಕ್ಕೆ ಲಿಪ್ ಸಿಂಕ್‌ಗಿಂತ, ಅಂದರೆ ತುಟಿಗೂ ಹಾಡಿಗೂ ಹೊಂದಿಕೆಯಾಗುವುದಕ್ಕಿಂತ, ಒಳ್ಳೆಯ ಉದಾಹರಣೆ ಇಲ್ಲ. ಇನ್ನೊಂದು ತಂಡದ ವಿಡಿಯೊ ನೋಡಿದವರು ‘ಹಾಡೋ ಹುಡುಗನ ನಟನೆ ಚೆನ್ನಾಗಿಲ್ಲ, ಡಬ್ಬಿಂಗ್ ಥರ ಇದೆ’ ಅಂದಿದ್ದರು. ತಂಡದವರು ಅವನ ಕ್ಲೋಸಪ್‌ಗಳನ್ನೇ ತೆಗೆಯಲು ಹೊರಟಿದ್ದರು. ಟೈಮ್‌ಲೈನ್ ಹಿಗ್ಗಿಸಿ ನೋಡಿದಾಗ ಹಾಡು ತುಟಿಗಿಂತ ಎರಡು ಫ್ರೇಮ್ ಮುಂದಿತ್ತು.

ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. ಎರಡು ಫ್ರೇಮ್ ಅಂದರೆ 80. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಪ್ರಸಾರಕ್ಕಾಗಿ ಕೊಟ್ಟ ಲೆಕ್ಕದಲ್ಲಿ, ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದೆ ಬಂದರೇ ಜನಕ್ಕೆ ಗೊತ್ತಾಗುತ್ತದೆ. ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ. ಮೊದಲು ಮಿಂಚು, ಆಮೇಲೆ ಗುಡುಗು ತಾನೆ? ಶಬ್ದ ತಡವಾಗಿ ಬರುವುದು ನಮ್ಮ ಕಿವಿಗೆ ಹೊಸದಲ್ಲ, ಮೊದಲು ಬರುವುದು ವಿಚಿತ್ರ. ಹಾಡು ಎರಡು ಫ್ರೇಮ್ ತಡವಾಗಿ ಬರುವ ಹಾಗೆ ಸರಿಸಿದರು. ಮುಂದಿನ ಸುತ್ತಿನಲ್ಲಿ ಆ ಹುಡುಗನ ನಟನೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಇಲ್ಲೊಂದು ಎಚ್ಚರ. ನೋಡುವವರು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡಿದ್ದರೆ ಧ್ವನಿ ಅದರಿಂದಲೇ ತಡವಾಗಬಹುದು. ಸಿಂಕ್ ಬಗ್ಗೆ ದೂರು ಬಂದರೆ ಮೊದಲು ವೈರ್ ಇರುವ ಸ್ಪೀಕರ್‌ನಲ್ಲಿ ಹಾಕಿ ನೋಡಿ.

ಪೋಸ್ಟರ್ ಪರೀಕ್ಷೆಗೆ ಐದು ಸೆಕೆಂಡು

ಪ್ರಚಾರದ ಚಿತ್ರಗಳನ್ನು ಕೊನೆಯ ರಾತ್ರಿ ಕೂತು ಮಾಡುವವರೇ ಜಾಸ್ತಿ. ಆದರೆ ಜನ ಮೊದಲು ನೋಡುವುದು ಅದನ್ನೇ. ಪೋಸ್ಟರನ್ನು ಐದು ಸೆಕೆಂಡು ತೋರಿಸಿ, ಮುಚ್ಚಿ. ಮೂರು ವಿಷಯ ಕೇಳಿ: ಏನು ಬರೆದಿತ್ತು, ಎಂಥ ಹಾಡು ಅನಿಸಿತು, ಯಾರು ಹಾಡಿರಬಹುದು. ಅಣ್ಣ-ತಂಗಿ ತಂಡದ ಮೊದಲ ಪೋಸ್ಟರಿನಲ್ಲಿ ನಸುಕಿನ ಮಂಜು, ಖಾಲಿ ಬಸ್ ಸ್ಟ್ಯಾಂಡು, ಬೆನ್ನು ತಿರುಗಿಸಿ ನಿಂತ ಹುಡುಗಿ. ನಾಲ್ಕು ಜನ ದೆವ್ವದ ಸಿನಿಮಾ ಅಂದರು. ಅವರು ‘ಹುಡುಗಿ ಮುಖ ಹಾಕಿ’ ಅಂತ ಸಲಹೆಯನ್ನೂ ಕೊಟ್ಟರು. ತಂಡ ಮುಖ ಹಾಕಲಿಲ್ಲ. ಅವಳ ಕೈಗೆ ಸ್ಟೀಲ್ ಡಬ್ಬಿಯ ಬುತ್ತಿ ಬಂತು, ಮಂಜಿನ ನೀಲಿಗೆ ಸ್ವಲ್ಪ ಬೆಳಗಿನ ಹಳದಿ ಬಂತು. ದೆವ್ವ ಹೋಯಿತು.

ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಇನ್ನೂ ಒಂದೆರಡು ಕಷ್ಟಗಳಿವೆ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಇಂಗ್ಲಿಷಿಗೆ ಸರಿಹೋಗುವ ಅಂತರ ಕನ್ನಡಕ್ಕೆ ಸಾಲದು. ದಿನವಿಡೀ ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿದವರಿಗೆ ಇದು ಕಾಣುವುದಿಲ್ಲ, ಪೇಪರ್ ಓದುವ ಹಿರಿಯರೊಬ್ಬರಿಗೆ ತೋರಿಸಿದರೆ ತಕ್ಷಣ ಬೆರಳಿಡುತ್ತಾರೆ. ಥಂಬ್‌ನೇಲನ್ನು ಮಾತ್ರ ಫೋನಿನಲ್ಲೇ, ಬೇರೆ ವಿಡಿಯೊಗಳ ನಡುವೆ ಇಟ್ಟು ತೋರಿಸಿ. ಬಲಗಡೆ ಕೆಳಮೂಲೆಯಲ್ಲಿ ಯೂಟ್ಯೂಬ್ ವಿಡಿಯೊದ ಅವಧಿ ಹಾಕುತ್ತದೆ. ಅಲ್ಲಿಟ್ಟ ಅಕ್ಷರ ಮುಚ್ಚಿಹೋಗುತ್ತದೆ.

ವಿಡಿಯೊ, ಪೋಸ್ಟರ್, ರೀಲ್ ಮೂರನ್ನೂ ಕಲಸಿ ಇಟ್ಟು, ‘ಇದರಲ್ಲಿ ಯಾವ್ಯಾವುದು ಒಂದೇ ಹಾಡಿನದು?’ ಅಂತಲೂ ಕೇಳಬಹುದು. ಬಣ್ಣ, ಅಕ್ಷರದ ಶೈಲಿ, ಆ ಸ್ಟೀಲ್ ಡಬ್ಬಿ, ಯಾವುದೋ ಒಂದು ಎಲ್ಲದರಲ್ಲೂ ಕೈಹಿಡಿದು ನಡೆಯಬೇಕು.

ಅಂಕಿಗಳನ್ನು ನಂಬುವ ಮೊದಲು

ಗೂಗಲ್ ಫಾರ್ಮ್ ಕಳಿಸಿದರೆ ಚಂದದ ಪೈ ಚಾರ್ಟ್ ಸಿಗುತ್ತದೆ. 12 ಜನ ತುಂಬಿದ ಫಾರ್ಮಿನಲ್ಲಿ ಒಬ್ಬರು ಮನಸ್ಸು ಬದಲಿಸಿದರೆ ಶೇ. 8ರಷ್ಟು ಏರುಪೇರಾಗುತ್ತದೆ. ಹಾಗಾಗಿ ‘ಶೇ. 75’ ಅಂತ ಬರೆಯಬೇಡಿ, ‘12ರಲ್ಲಿ 9’ ಅಂತ ಬರೆಯಿರಿ. ಅದು ಪ್ರಾಮಾಣಿಕ.

ಬಿಡುಗಡೆಯಾದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಆಡಿಯನ್ಸ್ ರಿಟೆನ್ಷನ್ ಗ್ರಾಫ್ ಸಿಗುತ್ತದೆ. ಲಾಜರ್ಸ್‌ಫೆಲ್ಡ್ ಅವರ ಬಟನ್ನಿನ ಮೊಮ್ಮಗ ಅನ್ನಬಹುದು. ಗೆರೆ ದಿಢೀರನೆ ಕುಸಿದ ಕಡೆ ಜನ ಎದ್ದು ಹೋಗಿದ್ದಾರೆ ಅಥವಾ ಮುಂದಕ್ಕೆ ಹಾರಿದ್ದಾರೆ. ಉಬ್ಬಿದ ಕಡೆ ಮತ್ತೆ ನೋಡಿದ್ದಾರೆ. ಮೊದಲ 30 ಸೆಕೆಂಡಿನ ನಂತರ ಎಷ್ಟು ಜನ ಉಳಿದರು ಅನ್ನುವುದನ್ನೂ ಅದು ತೋರಿಸುತ್ತದೆ. ಈಗ ಒಂದು ವಿಡಿಯೊಗೆ ಮೂರು ಥಂಬ್‌ನೇಲ್‌ವರೆಗೆ ಹಾಕಿ ಹೋಲಿಸುವ ಸೌಲಭ್ಯವೂ ಇದೆ. ಆದರೆ ನೂರಿನ್ನೂರು ವ್ಯೂಸ್ ಇರುವ ವಿಡಿಯೊದಲ್ಲಿ ಇವನ್ನು ತೀರ್ಪು ಅಂತ ತಿಳಿಯಬೇಡಿ. ಮುಂದಿನ ಸುತ್ತಿನಲ್ಲಿ ಎಲ್ಲಿ ಪ್ರಶ್ನೆ ಕೇಳಬೇಕು ಅನ್ನುವ ಗುರುತು ಅಂತ ತಿಳಿಯಿರಿ.

ಎಲ್ಲಾ ಮುಗಿದ ಮೇಲೆ ಬರೆದಿಡಲು ಒಂದು ನೋಟ್‌ಬುಕ್ ಬೇಕು. ಒಂದು ಕಡೆ ನೋಡುಗರು ಅಂದದ್ದು ಅವರದೇ ಮಾತಿನಲ್ಲಿ, ಪಕ್ಕದಲ್ಲಿ ನಮಗೆ ಕಂಡ ಕಾರಣ, ಅದರ ಪಕ್ಕ ಮಾಡಿದ್ದು ಅಥವಾ ಮಾಡದೆ ಬಿಟ್ಟದ್ದು. ಹೇಳಿದವರ ಹೆಸರು ಬೇಡ. ‘ಮೊದಲ ವರ್ಷದ ವಿದ್ಯಾರ್ಥಿನಿ’ ಅಂತಿದ್ದರೆ ಸಾಕು. ಮಾತು ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ ಒಪ್ಪಿಗೆ ತೆಗೆದುಕೊಳ್ಳಿ.

ಅಣ್ಣ-ತಂಗಿ ತಂಡದ ನೋಟ್‌ಬುಕ್ಕಿನ ಒಂದು ಪುಟ ನನಗೆ ಚೆನ್ನಾಗಿ ನೆನಪಿದೆ. ಮೊದಲ ಎರಡು ಸಾಲು, ‘ಲವರ್ಸ್ ಅಂದುಕೊಂಡೆ’, ‘ಶುರುವಿನಲ್ಲಿ ಅಣ್ಣ-ತಂಗಿ ಅಂತ ಅಕ್ಷರದಲ್ಲಿ ಹಾಕಿ.’ ಅಕ್ಷರ ಹಾಕಲಿಲ್ಲ. ಹಾಡು ಬರೆದವಳ ಮನೆಗೆ ಹೋಗಿ, ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಇಬ್ಬರ ಎತ್ತರ ಅಳೆದು ಗೀಚಿದ ಪೆನ್ಸಿಲ್ ಗೆರೆಗಳನ್ನು ಶೂಟ್ ಮಾಡಿಕೊಂಡು ಬಂದರು. ಒಂದರ ಪಕ್ಕ ಒಂದು, ವರ್ಷದಿಂದ ವರ್ಷಕ್ಕೆ ಏರುವ ಗೆರೆಗಳು. ನಾಲ್ಕು ಸೆಕೆಂಡಿನ ಶಾಟ್. ತಂಗಿ ಬ್ಯಾಗ್ ಹೆಗಲಿಗೇರಿಸಿ ಆ ಬಾಗಿಲು ದಾಟುತ್ತಾಳೆ.

ಮೂರನೇ ಸಾಲು: ‘ಬಸ್ ಹೋದ ಮೇಲೆ ಅವನು ನಿಂತೇ ಇರೋ ಶಾಟ್ ಉದ್ದ. ಕಟ್ ಮಾಡಿ.’ ಮೊದಲ ಸುತ್ತಿನ ಹಾಳೆಗಳಲ್ಲಿ ಆರರಲ್ಲಿ ನಾಲ್ಕು ಜನ ಅಲ್ಲಿ ಅಡ್ಡಗೆರೆ ಹಾಕಿದ್ದರು. ಆ ಶಾಟ್ ಏಳು ಸೆಕೆಂಡು ಇತ್ತು. ತಂಡ ಅದನ್ನು ಮುಟ್ಟಲಿಲ್ಲ. ಪೆನ್ಸಿಲ್ ಗೆರೆಯ ಶಾಟ್ ಸೇರಿಸಿ, ಹೊಸ ಏಳು ಜನರಿಗೆ ತೋರಿಸಿದರು. ಏಳು ಹಾಳೆಗಳಲ್ಲೂ ಆ ಜಾಗದಲ್ಲಿ ಅಡ್ಡಗೆರೆ ಇರಲಿಲ್ಲ. ಮೂವರು ಟಿಕ್ ಹಾಕಿದ್ದರು. ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ಹಾಡು ಬರೆದವಳ ಕೈಬರಹ: ‘7 ಸೆಕೆಂಡೇ ಇದೆ. ಈಗ ಅವನು ಯಾರು ಅಂತ ಗೊತ್ತು.’